ವೆಜ್ ಮೇಲಿನ ಎರಡನೇ ಸಂಖ್ಯೆ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 ಕಳೆದ ಎರಡು ಸಭೆಗಳಲ್ಲಿ ಕಸೂತಿ ಮತ್ತು ತಾರಸಿ ತೋಟದ ಬಗ್ಗೆ ಚೆನ್ನಾದ ಮಾತು ಕೇಳಿದ್ದೇವೆ. ಈ ಸಲ ಗಾಲ್ಫ್ ಎಂದು ಹೇಳಿದಾಗ ಸಮಿತಿಯಲ್ಲಿ ಹಿರಿಯರೊಬ್ಬರು, “ಅದು ಸಾಹೇಬರ ಆಟ ಅಲ್ವೇನಮ್ಮಾ, ನಮಗ್ಯಾಕೆ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಿಯೇ ವಿಷಯಕ್ಕೆ ಬರುತ್ತೇನೆ.

ನಮ್ಮ ಹೈದರಾಬಾದಿನ ಸಂಘದಲ್ಲೇ ನನಗೆ ಗೊತ್ತಿರುವಂತೆ ಏಳೆಂಟು ಹೆಣ್ಣುಮಕ್ಕಳು ಗಾಲ್ಫ್ ಶುರು ಮಾಡಿದ್ದಾರೆ. ಕೆಲವರಿಗೆ ಆಫೀಸಿನ ಟೂರ್ನಮೆಂಟ್ ಕಾರಣ, ಕೆಲವರಿಗೆ ಮಕ್ಕಳ ಕೋಚಿಂಗ್ ಕಾರಣ. ನಾವು ಕೆಲಸ ಮಾಡುವ ಐಟಿ ಕಂಪನಿಗಳಲ್ಲಿ ಗ್ರಾಹಕರ ಜೊತೆಗಿನ ಎಷ್ಟೋ ಮಾತುಕತೆ ಶನಿವಾರ ಬೆಳಗ್ಗೆ ಫೇರ್‌ವೇ ಮೇಲೆ ನಡೆದುಹೋಗುತ್ತದೆ. ಅಲ್ಲಿ ಇಲ್ಲದವರಿಗೆ ಸೋಮವಾರ ತೀರ್ಮಾನ ಮಾತ್ರ ತಿಳಿಯುತ್ತದೆ. ಹೀಗೆ ಶುರು ಮಾಡಿದವರಲ್ಲಿ ಅರ್ಧ ಜನ ವರ್ಷ ತುಂಬುವ ಮೊದಲೇ ಬಿಟ್ಟರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು: “ದೂರದ ಹೊಡೆತ ಹೇಗೋ ಆಗುತ್ತೆ, ಪಟ್ಟಿಂಗೂ ಆಗುತ್ತೆ. ಗ್ರೀನ್ ಹತ್ತಿರ ಬಂದಮೇಲೆ ಆ ಸಣ್ಣ ಹೊಡೆತ ಮಾತ್ರ ಕೈಗೆ ಹತ್ತಲ್ಲ. ಎಲ್ಲರ ಎದುರಿಗೆ ನಾಚಿಕೆ.”

ಅವರ ಕೈಯಲ್ಲಿದ್ದ ವೆಜ್‌ಗಳನ್ನು ನಾನು ನೋಡಿದ್ದೇನೆ. ಒಂದು ಗಂಡನ ಹಳೆಯ ಬ್ಯಾಗಿನಿಂದ ಬಂದದ್ದು. ಇನ್ನೊಂದು ರಿಯಾಯಿತಿ ಮಾರಾಟದಲ್ಲಿ ಕೊಂಡದ್ದು. ಮತ್ತೊಂದು ಆನ್‌ಲೈನಿನಲ್ಲಿ ಯಾರೋ ‘ಬೆಸ್ಟ್’ ಎಂದದ್ದು. ಒಂದನ್ನೂ ಆ ಹೆಣ್ಣುಮಗಳ ಕೈಯ ಬೀಸು ನೋಡಿ ಆರಿಸಿರಲಿಲ್ಲ. ತಪ್ಪೆಲ್ಲ ಉಕ್ಕಿನದೇ ಎಂದು ನಾನು ಹೇಳುವುದಿಲ್ಲ. ಆದರೆ ತಪ್ಪಿನಲ್ಲಿ ಉಕ್ಕಿಗೂ ಒಂದು ಪಾಲಿದೆ. ಅದನ್ನು ಪೂರ್ತಿ ತನ್ನ ತಲೆಗೇ ಕಟ್ಟಿಕೊಂಡು ಆಟ ಬಿಟ್ಟು ಹೋಗುವುದು ಬೇಡ ಎಂಬುದಕ್ಕೇ ಈ ಮಾತು.

ಆಡದವರಿಗಾಗಿ ಎರಡು ವಾಕ್ಯ. ಗಾಲ್ಫಿನಲ್ಲಿ ಒಬ್ಬ ಆಟಗಾರ್ತಿ ಬ್ಯಾಗಿನಲ್ಲಿ ಹೆಚ್ಚೆಂದರೆ 14 ಕ್ಲಬ್ ಇಟ್ಟುಕೊಳ್ಳಬಹುದು. ಅವುಗಳಲ್ಲಿ ಮುಖ ಹೆಚ್ಚು ಹಿಂದಕ್ಕೆ ಬಾಗಿರುವ, ಚೆಂಡನ್ನು ಮೇಲಕ್ಕೆತ್ತಿ ಹತ್ತಿರದಲ್ಲೇ ಇಳಿಸುವ ಕ್ಲಬ್‌ಗಳೇ ವೆಜ್. ಮುಖ ಎಷ್ಟು ಡಿಗ್ರಿ ಬಾಗಿದೆ ಎಂಬುದು ಲಾಫ್ಟ್. ಸುಮಾರು 44ರಿಂದ 48 ಡಿಗ್ರಿ ಇದ್ದರೆ ಪಿಚಿಂಗ್ ವೆಜ್, 50-52 ಗ್ಯಾಪ್ ವೆಜ್, 54-56 ಸ್ಯಾಂಡ್ ವೆಜ್, 58ರಿಂದ ಮೇಲೆ ಲಾಬ್ ವೆಜ್ ಎನ್ನುತ್ತಾರೆ.

ಇದು ನಮ್ಮಂಥವರಿಗೆ ಎಷ್ಟು ಮುಖ್ಯ ಎಂದು ಲೆಕ್ಕ ಹಾಕಿ ನೋಡಿ. 320 ಗಜದ ಒಂದು ಪಾರ್ 4 ಹೋಲ್ ಇದೆ ಎಂದುಕೊಳ್ಳಿ. ನನ್ನ ಮೊದಲ ಹೊಡೆತ 150 ಗಜ ಹೋಗುತ್ತದೆ, ಎರಡನೆಯದು 120. ಉಳಿದದ್ದು 50 ಗಜ. ಜೊತೆಯಲ್ಲಿ ಆಡುವ ಗಂಡಸರು ಎರಡನೇ ಹೊಡೆತಕ್ಕೇ ಗ್ರೀನ್ ತಲುಪಬಹುದು. ನಾನು ತಲುಪುವುದಿಲ್ಲ. ಅಂದರೆ ಹೆಚ್ಚುಕಡಿಮೆ ಪ್ರತಿ ಹೋಲಿನಲ್ಲೂ ನನ್ನ ಮೂರನೇ ಹೊಡೆತ ವೆಜ್‌ನಿಂದಲೇ ಆಗಬೇಕು. ದೂರ ಹೊಡೆಯಲಾಗದವರಿಗೆ ವೆಜ್ ಅಲಂಕಾರಕ್ಕಿಟ್ಟ ಸಾಮಾನಾಗಲು ಸಾಧ್ಯವಿಲ್ಲ. ಅದು ದಿನಬಳಕೆಯ ಪಾತ್ರೆ. ಹಾಗಿದ್ದೂ ಹೊಸ ಡ್ರೈವರಿಗೆ ಸಾವಿರಾರು ರೂಪಾಯಿ ಸುರಿಯುವ ನಾವು ವೆಜ್ ವಿಷಯದಲ್ಲಿ ‘ಯಾವುದಾದರೇನು’ ಎಂದು ಬಿಡುತ್ತೇವೆ.

ಈಗ ಎರಡನೇ ಸಂಖ್ಯೆಗೆ ಬರೋಣ. ಒಳ್ಳೆಯ ಕಂಪನಿಯ ವೆಜ್ ತಿರುಗಿಸಿ ನೋಡಿದರೆ ತಳದ ಹತ್ತಿರ ಎರಡು ಸಂಖ್ಯೆ ಕೆತ್ತಿರುತ್ತಾರೆ. ಉದಾಹರಣೆಗೆ 56 ಮತ್ತು 10. ಮೊದಲನೆಯದು ಲಾಫ್ಟ್. ಎರಡನೆಯದು ಬೌನ್ಸ್. ಅಂಗಡಿಯಲ್ಲಿ ಎಲ್ಲರೂ ಮೊದಲನೆಯದನ್ನು ಕೇಳುತ್ತಾರೆ, ಎರಡನೆಯದನ್ನು ಕೇಳುವವರು ಅಪರೂಪ.

ಬೌನ್ಸ್ ಎಂದರೆ ಚೆಂಡು ಪುಟಿಯುವುದಕ್ಕೆ ಸಂಬಂಧಿಸಿದ್ದಲ್ಲ, ಕ್ಲಬ್ಬಿನ ತಳಕ್ಕೆ ಸಂಬಂಧಿಸಿದ್ದು. ಕ್ಲಬ್ಬಿನ ಕೋಲನ್ನು ನೆಟ್ಟಗೆ ಹಿಡಿದು ನೆಲದ ಮೇಲಿಟ್ಟರೆ, ತಳದ ಹಿಂಭಾಗ ನೆಲಕ್ಕೆ ತಾಗಿ, ಮುಂದಿನ ಅಂಚು ಸ್ವಲ್ಪ ಮೇಲೆದ್ದಿರುತ್ತದೆ. ನೆಲಕ್ಕೂ ಆ ತಳಕ್ಕೂ ನಡುವೆ ಉಂಟಾಗುವ ಕೋನವೇ ಬೌನ್ಸ್. ಸುಮಾರಾಗಿ 4ರಿಂದ 6 ಡಿಗ್ರಿ ಇದ್ದರೆ ಕಡಿಮೆ, 7ರಿಂದ 10 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು ಎಂದು ಲೆಕ್ಕ.

ಇದಕ್ಕೆ ನಾನು ಕಂಡುಕೊಂಡ ಅತಿ ಸರಿಯಾದ ಉದಾಹರಣೆ ದೋಸೆ ಸೌಟು. ಮಹಿಳಾ ವೇದಿಕೆ ಎಂದು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದಾಳೆ ಎಂದುಕೊಳ್ಳಬೇಡಿ, ಆಫೀಸಿನ ಗಂಡಸರಿಗೂ ಹೀಗೆಯೇ ಹೇಳಿಕೊಟ್ಟಿದ್ದೇನೆ. ಹಿಟ್ಟು ಹುಯ್ದು ಸೌಟಿನ ಗುಂಡು ತಳದಿಂದ ಸುತ್ತಿದರೆ ಅದು ಹಿಟ್ಟಿನ ಮೇಲೆ ಜಾರುತ್ತದೆ, ದೋಸೆ ತೆಳ್ಳಗೆ ಹರಡುತ್ತದೆ. ಅದೇ ಸೌಟನ್ನು ವಾಲಿಸಿ ಅಂಚು ತಾಗಿಸಿದರೆ ಹಿಟ್ಟು ಹರಿದು ಕಾವಲಿ ಕಾಣುತ್ತದೆ. ದೋಸೆ ಮಗುಚುವ ಕೈಯ ಕೆಲಸ ಬೇರೆ. ಅದರ ಚೂಪು ಅಂಚು ದೋಸೆಯ ಅಡಿಗೆ ನುಗ್ಗಬೇಕು. ಹೆಚ್ಚು ಬೌನ್ಸಿನ ವೆಜ್ ಸೌಟಿನ ಹಾಗೆ, ನೆಲದ ಮೇಲೆ ಜಾರುತ್ತದೆ. ಕಡಿಮೆ ಬೌನ್ಸಿನದು ಮಗುಚುವ ಕೈ ಇದ್ದ ಹಾಗೆ, ಅಡಿಗೆ ನುಗ್ಗುತ್ತದೆ. ಎರಡೂ ಬೇಕಾದ ಸಾಮಾನುಗಳೇ. ಯಾವುದಕ್ಕೆ ಯಾವುದು ಎಂದು ತಿಳಿದಿರಬೇಕು, ಅಷ್ಟೇ.

ಈ ಬೌನ್ಸ್ ಎಂಬುದನ್ನು ಆಟಕ್ಕೆ ತಂದುಕೊಟ್ಟವರು ಎಂದು ಹೆಸರಾದವರು ಅಮೆರಿಕದ ಜೀನ್ ಸರಾಜನ್. ಆಗ ಬಂಕರಿನ ಮರಳಿನಿಂದ ಚೆಂಡು ತೆಗೆಯುವುದು ದೊಡ್ಡ ಫಜೀತಿಯಾಗಿತ್ತು. ಚೂಪು ಅಂಚಿನ ಕ್ಲಬ್ ಮರಳಿನಲ್ಲಿ ಹೂತುಹೋಗುತ್ತಿತ್ತು. ವಿಮಾನ ಹಾರಿಸಲು ಕಲಿಯುವಾಗ ಬಾಲದ ಭಾಗ ಕೆಳಗಾದರೆ ಮೂಗು ಮೇಲೇಳುವುದನ್ನು ಗಮನಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಅದನ್ನು ನೆನೆದು ತಮ್ಮ ಕ್ಲಬ್ಬಿನ ತಳದ ಹಿಂಭಾಗಕ್ಕೆ ಸೀಸ ಬೆಸುಗೆ ಹಾಕಿ ದಪ್ಪ ಮಾಡಿದರು. ಹಿಂಭಾಗ ಮೊದಲು ಮರಳಿಗೆ ಬಡಿದು ಮುಂದಿನ ಅಂಚನ್ನು ಮೇಲಕ್ಕೆತ್ತಿತು. 1932ರ ಬ್ರಿಟಿಷ್ ಓಪನ್ ಅನ್ನು ಆ ಕ್ಲಬ್ ಹಿಡಿದೇ ಗೆದ್ದರು. ಇಂದಿನ ಸ್ಯಾಂಡ್ ವೆಜ್ ಆ ವಂಶದ್ದು. ಇದರಲ್ಲಿ ನನಗೆ ಇಷ್ಟವಾದದ್ದು, ಆತ ತನ್ನ ತೊಂದರೆ ಏನೆಂದು ಮೊದಲು ನೋಡಿದರು, ಕ್ಲಬ್ ಆಮೇಲೆ ಬಂತು. ನಾವೂ ಅದೇ ಕ್ರಮದಲ್ಲಿ ಹೋಗಬೇಕು.

ಕೆತ್ತಿರುವ ಸಂಖ್ಯೆ ಒಂದೇ ಸಾಕೇ? ಸಾಲದು. ಕ್ಲಬ್ಬಿನ ಕಡೆಯಿಂದ ಇನ್ನೆರಡು ಸಂಗತಿ ಸೇರುತ್ತವೆ. ಒಂದು, ತಳದ ಅಗಲ. ಬೌನ್ಸ್ 8 ಇದ್ದರೂ ತಳ ಅಗಲವಾಗಿದ್ದರೆ ಅದು ಹೆಚ್ಚು ಬೌನ್ಸಿನ ಹಾಗೆ ವರ್ತಿಸಬಹುದು. ಇನ್ನೊಂದು, ತಳದ ಹಿಮ್ಮಡಿ, ಬೆರಳು, ಹಿಂಭಾಗಗಳನ್ನು ಎಲ್ಲಿ ಎಷ್ಟು ಉಜ್ಜಿ ತೆಗೆದಿದ್ದಾರೆ ಎಂಬುದು. ಇದಕ್ಕೆ ಗ್ರೈಂಡ್ ಎನ್ನುತ್ತಾರೆ. ಟೈಟ್ಲಿಸ್ಟ್ ಕಂಪನಿಯ ವೋಕಿ ವೆಜ್‌ಗಳ ಮೇಲೆ ಎರಡು ಸಂಖ್ಯೆಗಳ ಜೊತೆ ಎಸ್, ಎಂ, ಎಫ್ ಎಂಬಂಥ ಅಕ್ಷರ ಇರುತ್ತದಲ್ಲ, ಅದು ಗ್ರೈಂಡಿನ ಗುರುತು. ಹಿಮ್ಮಡಿಯ ಕಡೆ ಉಜ್ಜಿದ್ದರೆ ಮುಖ ತೆರೆದು ಹೊಡೆಯುವಾಗಲೂ ಮುಂದಿನ ಅಂಚು ನೆಲಕ್ಕೆ ಹತ್ತಿರವಿರುತ್ತದೆ.

ನಮ್ಮ ಕೈಯ ಕಡೆಯಿಂದಲೂ ಎರಡು ಸಂಗತಿ ಇವೆ. ಇವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಹೊಡೆಯುವ ಕ್ಷಣದಲ್ಲಿ ಕೈ ಚೆಂಡಿಗಿಂತ ಮುಂದಿದ್ದು ಕೋಲು ಮುಂದಕ್ಕೆ ವಾಲಿದರೆ ಬೌನ್ಸ್ ಕಡಿಮೆಯಾಗುತ್ತದೆ. ಲೆಕ್ಕ ಸುಲಭ: 10 ಡಿಗ್ರಿ ಬೌನ್ಸಿನ ವೆಜ್ಜನ್ನು 6 ಡಿಗ್ರಿ ಮುಂದಕ್ಕೆ ವಾಲಿಸಿದರೆ ನೆಲಕ್ಕೆ ಸಿಗುವುದು ಸುಮಾರು 4. ಮುಖವನ್ನು ಬಲಕ್ಕೆ ತೆರೆದು ಹಿಡಿದರೆ ಬೌನ್ಸ್ ಹೆಚ್ಚುತ್ತದೆ. ಹಾಗಾಗಿ ನೀವು ಕೊಂಡ ಬೌನ್ಸ್ ಬೇರೆ, ನೆಲಕ್ಕೆ ತಲುಪುವ ಬೌನ್ಸ್ ಬೇರೆ.

ಆರಂಭದಲ್ಲಿ ಎಷ್ಟೋ ಜನರಿಗೆ ಚಿಪ್ ಮಾಡಲು ಹೇಳಿಕೊಡುವುದು ಒಂದೇ ಸೂತ್ರ: “ಚೆಂಡು ಬಲಗಾಲಿನ ಹತ್ತಿರ, ಕೈ ಮುಂದೆ.” ಸೂತ್ರ ಕೆಟ್ಟದ್ದಲ್ಲ, ಓಡುವ ಚಿಪ್ಪಿಗೆ ಸರಿಯಾದದ್ದೇ. ಆದರೆ ಅದು ಬೌನ್ಸನ್ನು ಕರಗಿಸುತ್ತದೆ. ಈ ಸೂತ್ರ ಕಲಿತ ಹುಡುಗಿಯ ಕೈಗೆ 4 ಡಿಗ್ರಿಯ ವೆಜ್ ಕೊಟ್ಟರೆ ಏನಾಗುತ್ತದೆ? ಜಾರಲು ಏನೂ ಉಳಿಯುವುದಿಲ್ಲ. ಅಂಚು ಗುದ್ದಲಿಯ ಹಾಗೆ ನೆಲಕ್ಕೆ ಇಳಿಯುತ್ತದೆ, ಚೆಂಡು ಎರಡು ಗಜ ಹೋಗುತ್ತದೆ. ಆಕೆ ಅಂದುಕೊಳ್ಳುತ್ತಾಳೆ, ತನಗೆ ಬರುವುದಿಲ್ಲ ಎಂದು.

ಹಾಗಾದರೆ ನನ್ನ ಕೈಗೆ ಯಾವ ಬೌನ್ಸ್? ನಾನು ಎಂಟೆಕ್ ಓದಿ ಸಾಫ್ಟ್‌ವೇರ್ ಬರೆಯುವವಳು, ಕೋಚ್ ಅಲ್ಲ. ನಮ್ಮ ವೃತ್ತಿಯ ಒಂದು ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಊಹೆ ಮಾಡುವ ಮೊದಲು ಲಾಗ್ ನೋಡು. ಗಾಲ್ಫಿನಲ್ಲಿ ಲಾಗ್ ಎಂದರೆ ನೆಲ. ನೀವು ಹೊಡೆದಾಗ ಕಿತ್ತು ಬರುವ ಹುಲ್ಲುಮಣ್ಣಿನ ಹೆಪ್ಪಳಿಕೆಗೆ ಡಿವಟ್ ಎನ್ನುತ್ತಾರೆ. ಅದು ಸುಳ್ಳು ಹೇಳುವುದಿಲ್ಲ. ಮೂರು ಪರೀಕ್ಷೆ ಹೇಳುತ್ತೇನೆ, ಯಾವುದಕ್ಕೂ ಖರ್ಚಿಲ್ಲ.

ಮೊದಲನೆಯದು ಗೆರೆ ಪರೀಕ್ಷೆ. ಅಭ್ಯಾಸದ ಬಂಕರಿನಲ್ಲಿ ಮರಳು ಸಮ ಮಾಡಿ ಒಂದು ಗೆರೆ ಎಳೆಯಿರಿ. ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ, ಗೆರೆಯುದ್ದಕ್ಕೂ ಸರಿಯುತ್ತಾ ಹತ್ತು ಸಲ ಬೀಸಿ. ಪ್ರತಿ ಗುರುತು ಗೆರೆಯ ಎಷ್ಟು ಹಿಂದೆ ಶುರುವಾಯಿತು, ಎಷ್ಟು ಆಳ ಹೋಯಿತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಗುರುತು ಒಮ್ಮೆ ಗೆರೆಯ ಮೇಲೆ, ಇನ್ನೊಮ್ಮೆ ನಾಲ್ಕು ಅಂಗುಲ ಹಿಂದೆ ಬೀಳುತ್ತಿದ್ದರೆ ಕ್ಲಬ್ ಕೊಳ್ಳುವುದನ್ನು ಮುಂದೂಡಿ, ಕೋಚ್ ಹತ್ತಿರ ಹೋಗಿ. ಚೆಂಡಿನ ನಾಲ್ಕು ಅಂಗುಲ ಹಿಂದೆ ನೆಲಕ್ಕೆ ಬಡಿದರೆ ಯಾವ ಬೌನ್ಸೂ ಕಾಪಾಡುವುದಿಲ್ಲ.

ಎರಡನೆಯದು ಡಿವಟ್ ಪರೀಕ್ಷೆ. ಹುಲ್ಲಿನ ಮೇಲೆ ಮೂವತ್ತು ನಲವತ್ತು ಗಜದ ಹತ್ತು ಹೊಡೆತ ಹೊಡೆಯಿರಿ. ಡಿವಟ್ ಇಡ್ಲಿಯಷ್ಟು ದಪ್ಪವಾಗಿ ಬಂದರೆ ನಿಮ್ಮ ಕ್ಲಬ್ ಮೇಲಿನಿಂದ ಕಡಿದಾಗಿ ಇಳಿಯುತ್ತಿದೆ. ನೀವು ಅಗೆಯುವವರು, ನಿಮಗೆ ಹೆಚ್ಚು ಬೌನ್ಸ್ ಬೇಕು. ಡಿವಟ್ ತೆಳ್ಳನೆಯ ಚಪಾತಿಯ ಹಾಗೆ ಬಂದರೆ, ಅಥವಾ ಹುಲ್ಲು ಬರೀ ಸವರಿದ ಹಾಗೆ ಕಂಡರೆ, ನೀವು ಸವರುವವರು. ನಿಮಗೆ ಕಡಿಮೆ ಅಥವಾ ಮಧ್ಯಮ ಬೌನ್ಸ್ ಸಾಕು. ನಡುವಿನವರಿಗೆ ಮಧ್ಯಮ. ಹೆಚ್ಚಿನ ಜನ ನಡುವಿನವರೇ.

ಮೂರನೆಯದು ಮಾರ್ಕರ್ ಪರೀಕ್ಷೆ. ಆಫೀಸಿನ ವೈಟ್‌ಬೋರ್ಡ್ ಮಾರ್ಕರಿನಿಂದ ಕ್ಲಬ್ಬಿನ ತಳಕ್ಕೆ ಅಡ್ಡಡ್ಡ ಗೆರೆ ಬಳಿದು ಗಟ್ಟಿ ಹುಲ್ಲುನೆಲದ ಮೇಲೆ ನಾಲ್ಕೈದು ಚೆಂಡು ಹೊಡೆಯಿರಿ. ಬಣ್ಣ ಮುಂದಿನ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಅಂಚು ಅಗೆಯುತ್ತಿದೆ. ತೀರಾ ಹಿಂಭಾಗದಲ್ಲಿ ಮಾತ್ರ ಅಳಿಸಿದ್ದರೆ ಹಿಂಭಾಗ ಮೊದಲು ಬಡಿದು ಅಂಚು ಮೇಲೇಳುತ್ತಿದೆ. ನಡುವಿನಲ್ಲಿ ಅಳಿಸಿದ್ದರೆ ಆ ವೆಜ್ಜಿಗೂ ನಿಮಗೂ ಹೊಂದಾಣಿಕೆ ಇದೆ, ಸುಮ್ಮನೆ ಬದಲಾಯಿಸಬೇಡಿ.

ಒಂದು ಎಚ್ಚರಿಕೆ. ಈ ಪರೀಕ್ಷೆಗಳನ್ನು ಡ್ರೈವಿಂಗ್ ರೇಂಜಿನ ಹಸಿರು ಮ್ಯಾಟಿನ ಮೇಲೆ ಮಾಡಬೇಡಿ. ನಮ್ಮಂಥವರು ಆಫೀಸ್ ಮುಗಿಸಿ ರಾತ್ರಿ ಎಂಟಕ್ಕೆ ಅಭ್ಯಾಸ ಮಾಡುವುದು ಆ ಮ್ಯಾಟಿನ ಮೇಲೆಯೇ. ಚೆಂಡಿನ ಹಿಂದೆ ಬಡಿದರೂ ಕ್ಲಬ್ ಮ್ಯಾಟಿನ ಮೇಲೆ ಜಾರಿ ಚೆಂಡನ್ನು ಮುಟ್ಟುತ್ತದೆ, ಚೆಂಡು ಚೆನ್ನಾಗಿಯೇ ಹಾರುತ್ತದೆ. ಬುಧವಾರ ಮ್ಯಾಟಿನ ಮೇಲೆ ರಾಣಿ, ಶನಿವಾರ ಹುಲ್ಲಿನ ಮೇಲೆ ಅಳು. ಎಷ್ಟೋ ಜನ ಇಲ್ಲೇ ಧೈರ್ಯ ಕಳೆದುಕೊಳ್ಳುತ್ತಾರೆ. ಮ್ಯಾಟ್ ಅಭ್ಯಾಸಕ್ಕೆ ಪರವಾಗಿಲ್ಲ, ತೀರ್ಪಿಗೆ ಬೇಡ.

ಕೈ ನೋಡಿದ್ದಾಯಿತು, ಇನ್ನು ನೆಲ. ಬೌನ್ಸ್ ಕುರಿತ ಬಹುಪಾಲು ಸಲಹೆಗಳು ಹೊರದೇಶದ ಮೆತ್ತನೆಯ ಹುಲ್ಲುಗಾವಲನ್ನು ಮನಸ್ಸಿನಲ್ಲಿಟ್ಟು ಹೇಳಿದವು. ನಾವು ಆಡುವುದು ದಖ್ಖನಿನ ನೆಲದಲ್ಲಿ. ಗೋಲ್ಕೊಂಡದ ನಯಾ ಕಿಲಾ ಕಡೆ ಹೋದವರಿಗೆ ಗೊತ್ತು, ಬಂಡೆ, ಕೆಂಪು ಮಣ್ಣು, ಏಪ್ರಿಲ್-ಮೇ ಬಿಸಿಲು. ನೀರು ಕಾಣದ ಜಾಗ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅಂಥ ಬೋಳು ನೆಲದಲ್ಲಿ 14 ಡಿಗ್ರಿಯ ಅಗಲ ತಳದ ವೆಜ್ ಬಡಿದರೆ ತಳ ಪುಟಿದು, ಅಂಚು ಚೆಂಡಿನ ಹೊಟ್ಟೆಗೆ ತಾಗಿ, ಚೆಂಡು ಗ್ರೀನ್ ದಾಟಿ ಆಚೆ ಓಡುತ್ತದೆ. ಜುಲೈನಲ್ಲಿ ಮಳೆ ಹಿಡಿದ ಮೇಲೆ ಅದೇ ಜಾಗ ಮೆತ್ತಗಾಗುತ್ತದೆ. ಆಗ 4 ಡಿಗ್ರಿಯದು ಕೆಸರಿಗೆ ಹಾರೆ ಹಾಕಿದ ಹಾಗೆ ಇಳಿಯುತ್ತದೆ, 14ರದು ಸಲೀಸಾಗಿ ಜಾರುತ್ತದೆ. ಮುಂಬೈ ಕಡೆಯ ಸದಸ್ಯರಿಗೆ ಮಳೆಗಾಲದ ಲೆಕ್ಕ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ.

ಮರಳೂ ಹಾಗೆಯೇ. ದಪ್ಪ ಪದರದ ಸಡಿಲ ಮರಳಿಗೆ ಹೆಚ್ಚು ಬೌನ್ಸ್, ತೆಳು ಪದರದ ಗಟ್ಟಿ ಮರಳಿಗೆ ಕಡಿಮೆ. ಆಟದ ನಡುವೆ ಹೊಡೆಯುವ ಮೊದಲು ಕೈಯಿಂದ ಅಥವಾ ಕ್ಲಬ್ಬಿನಿಂದ ಮರಳನ್ನು ಪರೀಕ್ಷಿಸಲು ನಿಯಮ ಬಿಡುವುದಿಲ್ಲ. ಆದರೆ ನಿಲುವಿಗಾಗಿ ಪಾದ ಊರಲು ಅಡ್ಡಿಯಿಲ್ಲ. ಊರುವಾಗ ಕಾಲಿಗೆ ತಿಳಿಯುವುದೇ ನಮಗೆ ಬೇಕಾದ ಮಾಹಿತಿ.

ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಹೀಗಾಗುತ್ತದೆ: ಅಗೆಯುವ ಕೈ, ಮೆತ್ತನೆ ನೆಲ, ಸಡಿಲ ಮರಳು ಇದ್ದರೆ 12ರ ಆಸುಪಾಸು ಅಥವಾ ಹೆಚ್ಚು. ಸವರುವ ಕೈ, ಗಟ್ಟಿ ನೆಲ, ತೆಳು ಮರಳು ಇದ್ದರೆ 4ರಿಂದ 8. ಕೈ ಒಂದು ಕಡೆ, ನೆಲ ಇನ್ನೊಂದು ಕಡೆ ಎಳೆಯುತ್ತಿದ್ದರೆ ನಡುವಿನ 8ರಿಂದ 10.

ಇದು ಬರೀ ಪುಸ್ತಕದ ಮಾತಾಗಬಾರದು ಎಂದು ನಮ್ಮದೇ ಗುಂಪಿನ ಇಬ್ಬರ ಸಂಗತಿ ಅವರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ. ಇಬ್ಬರೂ ಒಂದೇ ಎತ್ತರ, ಒಂದೇ ವಯಸ್ಸು, ಆಟದ ಮಟ್ಟವೂ ಒಂದೇ. ಒಬ್ಬಾಕೆಯ ಬಳಿ ಇದ್ದದ್ದು ಗಂಡನ 60 ಡಿಗ್ರಿ ಲಾಫ್ಟಿನ, 4 ಬೌನ್ಸಿನ ವೆಜ್. ಇನ್ನೊಬ್ಬಾಕೆಯದು 56ರ ಲಾಫ್ಟ್, 14ರ ಬೌನ್ಸ್. ಮೊದಲಿನಾಕೆ ಪ್ರತಿ ಹೊಡೆತಕ್ಕೂ ನೆಲ ಅಗೆಯುತ್ತಿದ್ದರು. ಎರಡನೆಯಾಕೆ ಚೆಂಡಿನ ತಲೆಗೆ ಹೊಡೆದು ಗ್ರೀನ್ ದಾಟಿಸುತ್ತಿದ್ದರು. ಒಂದು ಭಾನುವಾರ ಮೂರೂ ಪರೀಕ್ಷೆ ಮಾಡಿ ಫೋಟೊ ಪಕ್ಕಪಕ್ಕ ಇಟ್ಟು ನೋಡಿದೆವು. ಮೊದಲಿನಾಕೆಯದು ಇಡ್ಲಿ, ಎರಡನೆಯಾಕೆಯದು ಚಪಾತಿ. ಅಂದರೆ ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರ ಬ್ಯಾಗಿನಲ್ಲಿತ್ತು. “ಒಂದು ಗಂಟೆ ಅದಲುಬದಲು ಮಾಡ್ಕೊಳ್ರೇ” ಎಂದೆ.

ಪವಾಡ ಏನೂ ನಡೆಯಲಿಲ್ಲ. ಮೊದಲಿನಾಕೆ ಹತ್ತರಲ್ಲಿ ಎರಡು ಚೆಂಡು ಗ್ರೀನ್ ಮೇಲೆ ನಿಲ್ಲಿಸುತ್ತಿದ್ದವರು ಆರು ನಿಲ್ಲಿಸಿದರು. ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ 56ರ ಲಾಫ್ಟ್, 12ರ ಬೌನ್ಸ್ ಇರುವುದನ್ನು ಕೊಂಡರು. ಎರಡನೆಯಾಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ. ಬಂಕರಿಗೆ ಮತ್ತು ಮಳೆಗಾಲಕ್ಕೆ ತಮ್ಮ ಹಳೆಯದನ್ನೇ ಇಟ್ಟುಕೊಂಡು, ಗಟ್ಟಿ ನೆಲದಲ್ಲಿ ಸೆಟ್ಟಿನ ಜೊತೆ ಬಂದಿದ್ದ ಪಿಚಿಂಗ್ ವೆಜ್ಜಿನಿಂದ ಚೆಂಡನ್ನು ಉರುಳಿಸಿ ಬಿಡಲು ಕಲಿತರು. ಇಬ್ಬರೂ ಈಗಲೂ ಆಡುತ್ತಿದ್ದಾರೆ. ನನಗೆ ಅದೇ ದೊಡ್ಡ ಸಂಗತಿ.

ಇನ್ನು ಕೊಳ್ಳುವ ಮಾತು. ಹೆಸರಾಂತ ಕಂಪನಿಯ ಹೊಸ ವೆಜ್ ಒಂದಕ್ಕೆ ಹತ್ತು ಸಾವಿರ ರೂಪಾಯಿಗೂ ಮೇಲೆ ಹೋಗುತ್ತದೆ. ನಮ್ಮ ಹಣ, ನಮ್ಮ ದುಡಿಮೆ. ನಾವೇ ಪ್ರಶ್ನೆ ಕೇಳಿ ಕೊಳ್ಳಬೇಕು. ಒಂದು ಅಂಗಡಿಯಲ್ಲಿ ನಾನು ವೆಜ್ ಕೇಳಿದಾಗ ಮೊದಲ ಪ್ರಶ್ನೆ, “ಮೇಡಂ, ಸರ್‌ಗೆ ಗಿಫ್ಟಾ?” ನನಗೇ ಎಂದ ಮೇಲೆ, “ಹಾಗಾದರೆ ಲೇಡೀಸ್ ಇದು” ಎಂದು ಗುಲಾಬಿ ಹಿಡಿಯ ಒಂದನ್ನು ಮುಂದಿಟ್ಟರು. ಅದರ ಬೌನ್ಸ್ ಎಷ್ಟು ಎಂದು ಕೇಳಿದೆ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದರ ಮೇಲೆ ಬರೆದೂ ಇರಲಿಲ್ಲ. ನಮಸ್ಕಾರ ಹೇಳಿ ಹೊರಗೆ ಬಂದೆ.

ಹೆಂಗಸರ ಕ್ಲಬ್‌ಗಳು ಬೇಡ ಎಂದು ಇದರ ಅರ್ಥವಲ್ಲ. ಅವುಗಳ ಕೋಲು ಸಾಮಾನ್ಯವಾಗಿ ಒಂದು ಇಂಚಿನಷ್ಟು ಗಿಡ್ಡ, ಹಗುರ. ನಮ್ಮಲ್ಲಿ ಹಲವರಿಗೆ ಅದು ನಿಜವಾಗಿಯೂ ಅನುಕೂಲ. ಭಾರದ ಉಕ್ಕಿನ ಕೋಲು ಒಂಬತ್ತನೇ ಹೋಲಿನ ಹೊತ್ತಿಗೆ ಕೈ ಸೋಲಿಸುತ್ತದೆ. ಆದರೆ ‘ಲೇಡೀಸ್’ ಎಂಬ ಪದ ಕೋಲಿನ ಬಗ್ಗೆ ಏನೋ ಹೇಳುತ್ತದೆ, ತಳದ ಬಗ್ಗೆ ಏನೂ ಹೇಳುವುದಿಲ್ಲ. ಹೆಣ್ಣು ಎಂದ ಮಾತ್ರಕ್ಕೆ ಸವರುವ ಕೈ ಎಂದಾಗಲಿ, ಅಗೆಯುವ ಕೈ ಎಂದಾಗಲಿ ಹೇಳಲು ಬರುವುದಿಲ್ಲ. ಈಗಷ್ಟೇ ಹೇಳಿದ ಇಬ್ಬರನ್ನೇ ನೋಡಿ.

ಆದ್ದರಿಂದ ಅಂಗಡಿಯಲ್ಲಿ ಈ ಪ್ರಶ್ನೆಗಳನ್ನು ಕೇಳಿ. ಇದರ ಬೌನ್ಸ್ ಎಷ್ಟು? ತಳದ ಅಗಲವನ್ನು ಇನ್ನೊಂದರ ಪಕ್ಕ ಇಟ್ಟು ತೋರಿಸುತ್ತೀರಾ? ಹುಲ್ಲಿನ ಮೇಲೆ ಹೊಡೆದು ನೋಡಲು ಡೆಮೊ ಕ್ಲಬ್ ಕೊಡುತ್ತೀರಾ? ಮೂರನೆಯದಕ್ಕೆ ಇಲ್ಲ ಎಂದರೆ ಗೆಳತಿಯರ ಬಳಿ ಇರುವುದನ್ನು ಎರವಲು ಪಡೆದು ಹೊಡೆದು ನೋಡಿ, ಆಮೇಲೆ ಕೊಳ್ಳಿ.

ಲಾಫ್ಟಿನ ಲೆಕ್ಕವನ್ನೂ ಮರೆಯಬೇಡಿ. ಒಂದು ವೆಜ್ಜಿಗೂ ಇನ್ನೊಂದಕ್ಕೂ 4ರಿಂದ 6 ಡಿಗ್ರಿ ಅಂತರ ಸಾಕು. ನಿಮ್ಮ ಸೆಟ್ಟಿನ ಪಿಚಿಂಗ್ ವೆಜ್ 46 ಇದ್ದರೆ 51 ಅಥವಾ 52, ಆಮೇಲೆ 56. ಆರಂಭದಲ್ಲಿ 60 ಡಿಗ್ರಿಯದು ಬೇಡ. ಮುಖ ಅಷ್ಟು ಬಾಗಿರುವುದರಿಂದ ಸ್ವಲ್ಪ ತಪ್ಪಿದರೂ ಚೆಂಡು ಮೇಲಕ್ಕೆ ಹೋಗಿ ಅಲ್ಲೇ ಬೀಳುತ್ತದೆ. ಎರಡು ವೆಜ್ ಕೊಳ್ಳುವುದಾದರೆ ಎರಡಕ್ಕೂ ಒಂದೇ ಬೌನ್ಸ್ ಬೇಡ. 52ರದ್ದಕ್ಕೆ 8, 56ರದ್ದಕ್ಕೆ 12 ಇದ್ದರೆ ಬೇಸಿಗೆಯ ಗಟ್ಟಿ ನೆಲಕ್ಕೊಂದು, ಮರಳಿಗೂ ಮಳೆಗಾಲಕ್ಕೂ ಒಂದು ಕೈಯಲ್ಲಿರುತ್ತದೆ.

ಗಂಡನದೋ ಅಣ್ಣನದೋ ಹಳೆಯ ವೆಜ್ ಮನೆಯಲ್ಲಿದ್ದರೆ ಎಸೆಯಬೇಡಿ. ಸಂಖ್ಯೆ ಓದಿ, ಮಾರ್ಕರ್ ಹಚ್ಚಿ, ಹೊಡೆದು ನೋಡಿ. ಹೊಂದಿದರೆ ಅದೃಷ್ಟ. ಕೋಲು ಕತ್ತರಿಸಿ ಗಿಡ್ಡ ಮಾಡಿಸಿದರೆ ತಲೆಯ ಭಾರದ ಅನುಭವ ಬದಲಾಗುತ್ತದೆ, ಕೆತ್ತಿದ ಬೌನ್ಸ್ ಬದಲಾಗುವುದಿಲ್ಲ. ಆದರೆ ಲಾಫ್ಟ್ ಬಗ್ಗಿಸಿದರೆ ಬೌನ್ಸೂ ಬದಲಾಗುತ್ತದೆ. 56ನ್ನು 54ಕ್ಕೆ ಇಳಿಸಿದರೆ 10ರ ಬೌನ್ಸ್ 8ಕ್ಕೆ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮುಖದ ಗೀರುಗಳ ಅಂಚು ಸವೆದಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ತೀರಾ ನುಣುಪಾಗಿದ್ದರೆ ಚೆಂಡಿಗೆ ಬೇಕಾದ ತಿರುಗು ಸಿಗುವುದಿಲ್ಲ.

ಇಷ್ಟೆಲ್ಲ ತಲೆನೋವು ಯಾಕೆ, ದೂರ ಹೊಡೆಯುವ ತಾಕತ್ತಿಲ್ಲದವರಿಗೆ ಈ ಆಟದಲ್ಲಿ ಜಾಗ ಇದೆಯೇ ಎಂದು ಯಾರಾದರೂ ಕೇಳಿದರೆ, ಬೆಂಗಳೂರಿನ ಅದಿತಿ ಅಶೋಕ್ ಹೆಸರು ಹೇಳಿ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಆಕೆಗೆ 18 ವರ್ಷ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ. ಒಂದೇ ಒಂದು ಹೊಡೆತದಲ್ಲಿ ಪದಕದ ಪೈಪೋಟಿ ತಪ್ಪಿತು. ಅಲ್ಲಿ ಅದಿತಿಗೆ ಕ್ಯಾಡಿಯಾಗಿ ಬ್ಯಾಗ್ ಹೊತ್ತವರು ಅವರ ತಾಯಿ. ಜಗತ್ತಿನ ಘಟಾನುಘಟಿಗಳಿಗೆ ಹೋಲಿಸಿದರೆ ಅದಿತಿಯದು ದೂರದ ಹೊಡೆತವಲ್ಲ. ಗ್ರೀನ್ ಸುತ್ತಮುತ್ತ ಮತ್ತು ಗ್ರೀನ್ ಮೇಲೆ ಅವರು ಗಳಿಸುತ್ತಾರೆ. ನಮ್ಮ ಮೈಸೂರಿನ ಪ್ರಣವಿ ಅರಸ್ ಕೂಡ ಯುರೋಪಿನ ಮಹಿಳಾ ಟೂರಿನಲ್ಲಿ ಆಡುತ್ತಿದ್ದಾರೆ. ನಾವು ಅವರ ಮಟ್ಟಕ್ಕೆ ಏರುವುದಿಲ್ಲ, ಏರಬೇಕಾಗಿಯೂ ಇಲ್ಲ. ಶನಿವಾರ ಬೆಳಗ್ಗೆ ನಾಲ್ವರ ಗುಂಪಿನಲ್ಲಿ ಮುಜುಗರವಿಲ್ಲದೆ ಚೆಂಡನ್ನು ಗ್ರೀನ್ ಮೇಲೆ ಇಳಿಸಿದರೆ ನಮಗೆ ಸಾಕು. ಅದಕ್ಕೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಕೈಗೆ ಹೊಂದುವ ಸಾಮಾನು, ಮತ್ತು ಅದನ್ನು ಕಂಡುಕೊಳ್ಳುವ ತಾಳ್ಮೆ.

ಕೊನೆಯದಾಗಿ ಒಂದು ಸೂಚನೆ. ನಮ್ಮ ವೇದಿಕೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೀರೆ, ಪುಸ್ತಕ, ಪಾತ್ರೆಗಳನ್ನು ಎರವಲು ಕೊಟ್ಟು ತೆಗೆದುಕೊಳ್ಳುತ್ತೇವಲ್ಲ, ಹಾಗೆಯೇ ವೆಜ್‌ಗಳನ್ನೂ ಹಂಚಿಕೊಳ್ಳೋಣ. ನಿಮ್ಮ ಮನೆಯಲ್ಲಿರುವ ವೆಜ್ ಮೇಲಿನ ಎರಡೂ ಸಂಖ್ಯೆ ಬರೆದು ಹಾಕಿ. ಯಾರ ಬಳಿ 4, ಯಾರ ಬಳಿ 10, ಯಾರ ಬಳಿ 14 ಇದೆ ಎಂದು ಗೊತ್ತಾದರೆ ಹೊಸದಾಗಿ ಕಲಿಯುವವರು ಹಣ ಸುರಿಯುವ ಮೊದಲು ಎಲ್ಲವನ್ನೂ ಹೊಡೆದು ನೋಡಬಹುದು. ನನ್ನ ಬಳಿ ಇರುವ ಎರಡನ್ನು ಇಂದೇ ಪಟ್ಟಿಗೆ ಸೇರಿಸುತ್ತೇನೆ: 52ರದು 8, 56ರದು 12. ಬೇಕಾದವರು ಕೇಳಿ ತೆಗೆದುಕೊಂಡು ಹೋಗಿ. ಹಿಂದಿರುಗಿಸುವಾಗ ತಳದ ಮಣ್ಣು ಒರೆಸಿ ಕೊಟ್ಟರೆ ಸಾಕು.

ಬಿಟ್ಟುಹೋದ ಗೆಳತಿಯರು ಯಾರಾದರೂ ಕೇಳುತ್ತಿದ್ದರೆ ಅವರಿಗೂ ಹೇಳುತ್ತೇನೆ, ಬನ್ನಿ, ಇನ್ನೊಂದು ಸಲ ಬೇರೆ ತಳ ಹಿಡಿದು ನೋಡೋಣ.  ಪ್ರಶ್ನೆಗಳಿದ್ದರೆ ಕಾಫಿ ಜೊತೆ ಮಾತಾಡೋಣ.